ಅಪ್‌ಡೇಟ್ ಆದ ಮೇಲೆ ಪರದೆಯ ಮೇಲಿನ ಲೆಕ್ಕ ಓದಲಾಗದಿದ್ದರೆ

ಶಿವಮೊಗ್ಗದ ಎಪಿಎಂಸಿ ಪ್ರಾಂಗಣದ ಒಂದು ಅಡಿಕೆ ಮಂಡಿಯನ್ನು ಕಲ್ಪಿಸಿಕೊಳ್ಳೋಣ. ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಬಂದ ಚೀಲಗಳು ಇಳಿದು ತೂಕವಾಗಿವೆ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ದರ್ಜೆವಾರು ದರವೂ ನಿಗದಿಯಾಗಿದೆ. ಬೆಳೆಗಾರರ ಕೈಗೆ ಲೆಕ್ಕದ ಚೀಟಿ ಕೊಡುವುದಷ್ಟೇ ಬಾಕಿ. ಗುಮಾಸ್ತರು ಕಂಪ್ಯೂಟರಿನಲ್ಲಿ ಲೆಕ್ಕದ ತಂತ್ರಾಂಶವನ್ನು ತೆರೆದರೆ, ನಿನ್ನೆ ಸಂಜೆಯವರೆಗೆ ಸರಿಯಾಗಿದ್ದ ಬೆಳೆಗಾರರ ಹೆಸರುಗಳ ಜಾಗದಲ್ಲಿ ಖಾಲಿ ಚೌಕಗಳು ಸಾಲುಗಟ್ಟಿ ನಿಂತಿವೆ, ಬಿಲ್ಲಿನ ಕೆಳಭಾಗ ಪರದೆಯಿಂದ ಆಚೆಗೆ ಹೋಗಿದೆ, ಉಳಿಸುವ ಗುಂಡಿ ಎಲ್ಲಿಯೂ ಕಾಣುತ್ತಿಲ್ಲ. ರಾತ್ರಿ ಏನೋ ಅಪ್‌ಡೇಟ್ ಆಗಿದೆ ಎಂಬುದೊಂದು ಮಾತ್ರ ಗೊತ್ತು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದ ಕಾರಣ, ಹಳೆಯ ಯಂತ್ರಗಳನ್ನೇ ನೆಚ್ಚಿಕೊಂಡಿದ್ದ ಅಂಗಡಿ, ಸಹಕಾರ ಸಂಘ, ಗೊಬ್ಬರದ ಮಳಿಗೆಗಳು ವಿಂಡೋಸ್ 11ಕ್ಕೋ ಲೆಕ್ಕದ ತಂತ್ರಾಂಶದ ಹೊಸ ಆವೃತ್ತಿಗೋ ಹೋಗಬೇಕಾದ ಸಂದರ್ಭ ಬಂದಿತು. ಮಲೆನಾಡಿನಲ್ಲಿ ಅಡಿಕೆ ಕೊಯ್ಲು ಶುರುವಾಗುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ವರ್ಷದ ಅತ್ಯಂತ ಬಿಡುವಿಲ್ಲದ ದಿನಗಳಲ್ಲಿ ಪರದೆ ಹೀಗೆ ಕೈಕೊಟ್ಟಾಗ ಗಾಬರಿಯಾಗುವುದು ಸಹಜ. ಆದರೆ ಇಂತಹ ಸಮಸ್ಯೆಗಳಲ್ಲಿ ಬಹುಪಾಲು ಲೆಕ್ಕವನ್ನು ಮುಟ್ಟಿರುವುದಿಲ್ಲ. ಗಾಬರಿಯಲ್ಲಿ ನಾವು ಮಾಡುವ ಕೆಲಸಗಳೇ ಲೆಕ್ಕವನ್ನು ಕೆಡಿಸುವ ಸಾಧ್ಯತೆ ಹೆಚ್ಚು. ಆದ್ದರಿಂದ ಏನು ಕೆಟ್ಟಿದೆ ಎಂಬುದನ್ನು ಪರದೆಯನ್ನು ನೋಡಿಯೇ ಗುರುತಿಸುವ ಬಗೆಯನ್ನು ಬುಡದಿಂದ ವಿವರಿಸುವುದು ಈ ಲೇಖನದ ಉದ್ದೇಶ.

ಲೆಕ್ಕ ಬೇರೆ, ಲೆಕ್ಕದ ನೋಟ ಬೇರೆ

ಹಳೆಯ ಕಾಲದ ಮಂಡಿಯಲ್ಲಿ ಖಾತೆ ಪುಸ್ತಕ ಪೆಟ್ಟಿಗೆಯೊಳಗೆ ಇರುತ್ತಿತ್ತು. ಗುಮಾಸ್ತರು ಅದನ್ನು ತೆರೆದು ಯಜಮಾನರಿಗೆ ಓದಿ ಹೇಳುತ್ತಿದ್ದರು. ಒಂದು ದಿನ ಗುಮಾಸ್ತರು ಕನ್ನಡಕವನ್ನು ಮನೆಯಲ್ಲೇ ಮರೆತು ಬಂದು ತಪ್ಪಾಗಿ ಓದಿದರೆ ಪುಸ್ತಕದಲ್ಲಿ ಬರೆದದ್ದು ಬದಲಾಗುವುದಿಲ್ಲ. ಕಂಪ್ಯೂಟರಿನಲ್ಲೂ ಇದೇ ಏರ್ಪಾಡಿದೆ. ಹೆಸರು, ತೂಕ, ದರ, ತಾರೀಖು ಇವೆಲ್ಲ ದತ್ತಾಂಶ, ಅಂದರೆ ಡೇಟಾ, ಎಂಬ ರೂಪದಲ್ಲಿ ಬರೀ ಸಂಖ್ಯೆಗಳಾಗಿ ಒಂದು ಕಡತದಲ್ಲಿ ಕುಳಿತಿರುತ್ತವೆ. ಅವನ್ನು ತೆಗೆದು ಜೋಡಿಸುವುದು ಲೆಕ್ಕದ ತಂತ್ರಾಂಶ. ಜೋಡಿಸಿದ್ದಕ್ಕೆ ಅಕ್ಷರದ ಆಕಾರ ಕೊಡುವುದು ಫಾಂಟ್. ಅದನ್ನು ಪರದೆಯ ಚುಕ್ಕಿಗಳಾಗಿ ಹರಡುವುದು ವಿಂಡೋಸ್‌ನಂತಹ ಕಾರ್ಯಾಚರಣಾ ವ್ಯವಸ್ಥೆ ಮತ್ತು ಡ್ರೈವರ್ ಎಂಬ ಸಣ್ಣ ತಂತ್ರಾಂಶ. ಇವರಲ್ಲಿ ಯಾರೊಬ್ಬರು ಎಡವಿದರೂ ನಮ್ಮ ಕಣ್ಣಿಗೆ ಕಾಣುವುದು ಕೆಟ್ಟ ಪರದೆಯೇ.

ಈ ವ್ಯತ್ಯಾಸಕ್ಕೆ ನಮ್ಮ ಊರಿನಲ್ಲೇ ಒಂದು ಉದಾಹರಣೆಯಿದೆ. ಇಂಗ್ಲಿಷ್‌ನಲ್ಲಿ ಶಿವಮೊಗ್ಗದ ಕಾಗುಣಿತ 2014ರ ನವೆಂಬರ್ 1ರಿಂದ ಬದಲಾಯಿತು. ಅದಕ್ಕೂ ಹಿಂದಿನ ಬಿಲ್ಲನ್ನು ಇಂದು ತೆರೆದರೆ ವಿಳಾಸದಲ್ಲಿ ಹಳೆಯ ಕಾಗುಣಿತವೇ ಇರುತ್ತದೆ. ಅದು ನೋಟದ ದೋಷವಲ್ಲ. ಅಂದು ಬರೆದದ್ದು ಹಾಗೆಯೇ ಉಳಿದಿದೆ, ಅಷ್ಟೆ. ಅದೇ ಬಿಲ್ಲಿನಲ್ಲಿ ಊರಿನ ಹೆಸರಿನ ಬದಲಿಗೆ ಚೌಕಗಳು ಕಂಡರೆ ಅದು ಓದುವವರ ತೊಂದರೆ.

ಅಪ್‌ಡೇಟ್ ಎಂಬ ಒಂದೇ ಮಾತನ್ನು ನಾವು ಮೂರು ಬೇರೆ ಬೇರೆ ಸಂಗತಿಗಳಿಗೆ ಬಳಸುತ್ತೇವೆ ಎಂಬುದನ್ನೂ ಇಲ್ಲಿ ಗಮನಿಸಬೇಕು. ಲೆಕ್ಕದ ತಂತ್ರಾಂಶದ ಹೊಸ ಆವೃತ್ತಿ ಬರುವುದು ಒಂದು, ವಿಂಡೋಸ್ ತನ್ನನ್ನು ತಾನು ಬದಲಿಸಿಕೊಳ್ಳುವುದು ಎರಡನೆಯದು, ಪರದೆ ಅಥವಾ ಪ್ರಿಂಟರಿನ ಡ್ರೈವರ್ ಬದಲಾಗುವುದು ಮೂರನೆಯದು. ಕೊನೆಯ ಎರಡು ನಮ್ಮನ್ನು ಕೇಳದೆಯೂ ನಡೆಯಬಹುದು. ಹೀಗಾಗಿ ಲೆಕ್ಕದ ತಂತ್ರಾಂಶದ ಕಂಪನಿಗೆ ಫೋನ್ ಮಾಡುವ ಮೊದಲು ಬದಲಾದದ್ದು ಯಾವುದು ಎಂದು ತಿಳಿದುಕೊಳ್ಳುವುದು ಒಳ್ಳೆಯದು. ಬೇರೆ ಎಲ್ಲ ಪ್ರೋಗ್ರಾಂಗಳು ಸರಿಯಾಗಿದ್ದು ಲೆಕ್ಕದ ತಂತ್ರಾಂಶ ಮಾತ್ರ ಕೆಟ್ಟು ಕಾಣುತ್ತಿದ್ದರೆ ಮೊದಲು ಅದನ್ನೇ ಸಂಶಯಿಸಬೇಕು. ಎಲ್ಲ ಕಡೆಯೂ ಅಕ್ಷರ ಮಸುಕಾಗಿದ್ದರೆ ಅಥವಾ ಇಡೀ ಪರದೆ ಹಿಗ್ಗಿದಂತೆ ಕಂಡರೆ ಕಾರಣ ವಿಂಡೋಸ್ ಅಥವಾ ಡ್ರೈವರಿನಲ್ಲಿದೆ.

ಮಲೆನಾಡಿಗೆ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ. ಮಳೆಗಾಲದಲ್ಲಿ ಅಪ್‌ಡೇಟ್ ನಡೆಯುತ್ತಿರುವಾಗಲೇ ಕರೆಂಟು ಹೋಗಿ, ಯುಪಿಎಸ್‌ನ ಬ್ಯಾಟರಿಯೂ ಮುಗಿದರೆ, ಅರ್ಧ ಕಡತಗಳು ಹೊಸವು, ಅರ್ಧ ಹಳೆಯವು ಎಂಬ ಸ್ಥಿತಿ ಉಂಟಾಗುತ್ತದೆ. ಇಂತಹ ಅರೆಬರೆ ಅಪ್‌ಡೇಟ್ ಆಗಿರುವ ಸಂಶಯವಿದ್ದರೆ ಬೇರೆ ಯಾವ ದುರಸ್ತಿಗೂ ಮುನ್ನ ದತ್ತಾಂಶದ ಪ್ರತಿಯೊಂದನ್ನು ಪೆನ್‌ಡ್ರೈವಿಗೆ ತೆಗೆದಿಟ್ಟು, ನಂತರ ಅದೇ ಅಪ್‌ಡೇಟನ್ನು ಪೂರ್ತಿಯಾಗಿ ಮತ್ತೊಮ್ಮೆ ನಡೆಸುವುದು ಸರಿಯಾದ ದಾರಿ.

ಅಕ್ಷರ ಕೆಟ್ಟ ಬಗೆಯಲ್ಲೇ ಕಾರಣ ಅಡಗಿದೆ

ಕನ್ನಡದಲ್ಲಿ ಲೆಕ್ಕ ಇಡುವವರಿಗೆ ಅತಿ ಹೆಚ್ಚು ಕಾಡುವ ಸಮಸ್ಯೆ ಅಕ್ಷರಗಳದ್ದು, ಆದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ.

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂದು ಜಗತ್ತಿಗೆಲ್ಲ ಒಂದೇ ಪಟ್ಟಿ ಮಾಡಿಕೊಟ್ಟಿರುವುದು ಯುನಿಕೋಡ್. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು; 3200ರಿಂದ 3327ರವರೆಗಿನ 128 ಮನೆಗಳು ಕನ್ನಡಕ್ಕೆ ಮೀಸಲಾಗಿವೆ. ಅ ಎಂಬುದಕ್ಕೆ 3205, ಕ ಎಂಬುದಕ್ಕೆ 3221. ಒತ್ತಕ್ಷರಗಳಿಗೆ ಬೇರೆ ಮನೆಗಳಿಲ್ಲ. ಶಿವಮೊಗ್ಗ ಎಂದು ಬರೆದಾಗ ನಮ್ಮ ಕಣ್ಣಿಗೆ ಶಿ, ವ, ಮೊ, ಗ್ಗ ಎಂಬ ನಾಲ್ಕು ಅಕ್ಷರಗಳು ಕಂಡರೂ ಕಡತದೊಳಗೆ ಇರುವುದು ಶ, ಗುಡಿಸು, ವ, ಮ, ಒಕಾರ, ಗ, ಅರ್ಧಾಕ್ಷರದ ಗುರುತು, ಮತ್ತೊಂದು ಗ ಎಂಬ ಎಂಟು ಸಂಖ್ಯೆಗಳು. ಆ ಎಂಟನ್ನು ನಾಲ್ಕಾಗಿ ಹೆಣೆದು ತೋರಿಸುವುದು ಫಾಂಟ್ ಮತ್ತು ವಿಂಡೋಸ್ ಸೇರಿ ಮಾಡುವ ಕೆಲಸ. ಆದ್ದರಿಂದ ಶಿವಮೊಗ್ಗ ಎಂಬ ಪದವನ್ನೇ ಪರೀಕ್ಷೆಗೆ ಬಳಸಬಹುದು. ಅದರಲ್ಲಿ ಗುಣಿತವೂ ಇದೆ, ಒತ್ತೂ ಇದೆ.

ಶಿವಮೊಗ್ಗ ಎಂದಿರಬೇಕಾದ ಕಡೆ ಖಾಲಿ ಚೌಕಗಳು ಕಂಡರೆ, ಸಂಖ್ಯೆಗಳು ಸರಿಯಾಗಿವೆ, ಆದರೆ ಆಯ್ಕೆಯಾಗಿರುವ ಫಾಂಟಿನಲ್ಲಿ ಆ ಸಂಖ್ಯೆಗಳಿಗೆ ಆಕಾರವೇ ಇಲ್ಲ ಎಂದರ್ಥ. ಇದು ಅತ್ಯಂತ ನಿರಪಾಯಕಾರಿ ಸ್ಥಿತಿ. ವಿಂಡೋಸ್ ಎಕ್ಸ್‌ಪಿ ಕಾಲದಿಂದ ತುಂಗಾ ಎಂಬ ಕನ್ನಡ ಫಾಂಟ್ ವಿಂಡೋಸ್ ಜೊತೆಗೇ ಬರುತ್ತಿತ್ತು, ನಮ್ಮ ನದಿಯ ಹೆಸರನ್ನೇ ಹೊತ್ತು. ಅನೇಕ ತಂತ್ರಾಂಶಗಳ ಕನ್ನಡ ಬಿಲ್ಲಿನ ನಮೂನೆಗಳು ಅದನ್ನೇ ನಂಬಿ ತಯಾರಾದವು. ವಿಂಡೋಸ್ 8ರಿಂದ ನಿರ್ಮಲಾ ಯುಐ ಎಂಬ ಫಾಂಟ್ ಭಾರತೀಯ ಲಿಪಿಗಳಿಗೆಲ್ಲ ಸಾಮಾನ್ಯವಾಯಿತು. ವಿಂಡೋಸ್ 10ರಲ್ಲಿ ತುಂಗಾ ಐಚ್ಛಿಕ ಫಾಂಟುಗಳ ಸಾಲಿಗೆ ಸರಿಯಿತು. ಅಂದರೆ ಹೊಸದಾಗಿ ವಿಂಡೋಸ್ ಹಾಕಿದ ಯಂತ್ರದಲ್ಲಿ ಅದು ತಾನಾಗಿಯೇ ಇರಬೇಕೆಂದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಆಪ್ಷನಲ್ ಫೀಚರ್ಸ್ ಎಂಬಲ್ಲಿಗೆ ಹೋಗಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಎಂಬುದನ್ನು ಸೇರಿಸಿದರೆ ತುಂಗಾ ಮರಳುತ್ತದೆ. ಇಲ್ಲವೇ ಬಿಲ್ಲಿನ ನಮೂನೆಯಲ್ಲಿ ಫಾಂಟನ್ನು ನಿರ್ಮಲಾ ಯುಐ ಎಂದು ಬದಲಿಸಬಹುದು. ರೂಪಾಯಿಯ ಚಿಹ್ನೆ ಮಾತ್ರ ಚೌಕವಾಗಿ ಕಂಡರೆ ಕಾರಣ ಇನ್ನೂ ಸರಳ. ಕೇಂದ್ರ ಸರ್ಕಾರ ಈ ಚಿಹ್ನೆಯನ್ನು ಒಪ್ಪಿಕೊಂಡದ್ದು 2010ರ ಜುಲೈನಲ್ಲಿ. ಯುನಿಕೋಡಿನಲ್ಲಿ 8377ನೆಯ ಮನೆ ಅದಕ್ಕೆ ದೊರೆತದ್ದು ಅದೇ ವರ್ಷ. ಅದಕ್ಕೂ ಮೊದಲು ತಯಾರಾದ ಫಾಂಟಿನಲ್ಲಿ ಆ ಆಕಾರ ಇರಲು ಸಾಧ್ಯವೇ ಇಲ್ಲ.

ಒತ್ತು ಬಿಡಿಸಿಕೊಂಡು ಶಿವಮೊಗ್‌ಗ ಎಂದು ಕಂಡರೆ ಫಾಂಟ್ ಇದೆ, ಹೆಣೆಯುವ ಕೆಲಸ ನಡೆಯುತ್ತಿಲ್ಲ. ತಂತ್ರಾಂಶದ ಹೊಸ ಆವೃತ್ತಿಯಲ್ಲಿ ಬಿಲ್ ಅಥವಾ ಪಿಡಿಎಫ್ ತಯಾರಿಸುವ ಭಾಗವನ್ನು ಬದಲಿಸಿದಾಗ, ಆ ಹೊಸ ಭಾಗಕ್ಕೆ ಭಾರತೀಯ ಲಿಪಿಗಳ ಹೆಣಿಗೆ ಬಾರದಿದ್ದರೆ ಹೀಗಾಗುತ್ತದೆ. ಇದನ್ನು ಬಳಕೆದಾರರು ಸರಿಪಡಿಸುವಂತಿಲ್ಲ, ತಂತ್ರಾಂಶ ಮಾಡಿದವರೇ ಮಾಡಬೇಕು. ಪರದೆಯಲ್ಲಿ ಸರಿಯಾಗಿದ್ದು ಪಿಡಿಎಫ್‌ನಲ್ಲಿ ಮಾತ್ರ ಒತ್ತು ಬಿಡಿಸಿಕೊಂಡಿದೆ ಎಂಬ ವಿವರವನ್ನು ಅವರಿಗೆ ತಿಳಿಸಿದರೆ ಅರ್ಧ ಕೆಲಸ ಮುಗಿದಂತೆ.

ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಉಚ್ಚಾರಣೆಯ ಗುರುತುಗಳೂ ಕಲಸಿಕೊಂಡು ಕಂಡರೆ ಅದಕ್ಕೊಂದು ಇತಿಹಾಸವಿದೆ. ಯುನಿಕೋಡ್ ಬಳಕೆಗೆ ಬರುವ ಮುನ್ನ, ಇಂಗ್ಲಿಷ್ ಅಕ್ಷರಗಳಿಗೆಂದು ಇದ್ದ 256 ಮನೆಗಳಲ್ಲೇ ಕನ್ನಡದ ಆಕಾರಗಳನ್ನು ಕೂರಿಸುವ ಉಪಾಯವನ್ನು ಕಂಡುಕೊಳ್ಳಲಾಯಿತು. 1998ರಲ್ಲಿ ಬಂದ ಬರಹ, ಅನಂತರ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಇವುಗಳ ಹಳೆಯ ಫಾಂಟುಗಳು ಈ ಬಗೆಯವು. ಕನ್ನಡವನ್ನು ಕಂಪ್ಯೂಟರಿಗೆ ತಂದ ಆ ಕೆಲಸ ದೊಡ್ಡದು. ಎಷ್ಟೋ ಕಚೇರಿಗಳು ಕನ್ನಡದಲ್ಲಿ ಲೆಕ್ಕ ಇಡಲು ಸಾಧ್ಯವಾದದ್ದು ಅದರಿಂದ. ಆದರೆ ಅಲ್ಲಿ ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರದ ಸಂಖ್ಯೆಯೇ. ಯಕ್ಷಗಾನದಲ್ಲಿ ಕಲಾವಿದರು ಒಬ್ಬರೇ, ಕಿರೀಟ ಕಟ್ಟಿದರೆ ರಾಜ ಎಂಬಂತೆ, ಆ ನಿರ್ದಿಷ್ಟ ಫಾಂಟನ್ನು ತೊಡಿಸಿದಾಗ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಅಪ್‌ಡೇಟ್ ಆದಾಗ ಫಾಂಟ್ ಕಳೆದುಹೋದರೆ, ಅಥವಾ ಹೊಸ ಆವೃತ್ತಿ ತನ್ನದೇ ಫಾಂಟನ್ನು ತೊಡಿಸಿದರೆ, ವೇಷ ಕಳಚಿ ಇಂಗ್ಲಿಷ್ ಅಕ್ಷರ ಹೊರಬರುತ್ತದೆ. ಹಳೆಯ ಫಾಂಟ್ ಕಡತವನ್ನು ಮತ್ತೆ ಸೇರಿಸಿದರೆ ಕನ್ನಡ ಹಿಂತಿರುಗುತ್ತದೆ. ಸೇರಿಸುವಾಗ ಒಂದು ಎಚ್ಚರ ಬೇಕು: ಈಗಿನ ವಿಂಡೋಸ್‌ನಲ್ಲಿ ಫಾಂಟ್ ಸಾಮಾನ್ಯವಾಗಿ ಲಾಗಿನ್ ಆಗಿರುವ ಒಬ್ಬರಿಗೆ ಮಾತ್ರ ಸೇರುತ್ತದೆ. ಒಂದೇ ಯಂತ್ರವನ್ನು ಇಬ್ಬರು ಬೇರೆ ಬೇರೆ ಹೆಸರಿನಲ್ಲಿ ಬಳಸುತ್ತಿದ್ದರೆ ಫಾಂಟ್ ಕಡತದ ಮೇಲೆ ಮೌಸ್‌ನ ಬಲಗುಂಡಿ ಒತ್ತಿ, ಎಲ್ಲ ಬಳಕೆದಾರರಿಗೂ ಸೇರಿಸುವ ಆಯ್ಕೆಯನ್ನು ಆರಿಸಬೇಕು.

ಇದೇ ಗುಂಪಿಗೆ ಸೇರಿದ ಇನ್ನೊಂದು ಸ್ಥಿತಿಯೂ ಉಂಟು. ಕಡತದೊಳಗಿನ ಒಂದೊಂದು ಸಂಖ್ಯೆಯ ಜಾಗದಲ್ಲೂ ಮೂರು ಮೂರು ವಿಚಿತ್ರ ಗುರುತುಗಳು ಕಂಡು, ನಾಲ್ಕು ಅಕ್ಷರದ ಶಿವಮೊಗ್ಗ ಇಪ್ಪತ್ತನಾಲ್ಕು ಗುರುತುಗಳ ಉದ್ದದ ಸಾಲಾಗುತ್ತದೆ. ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಒಂದೊಂದು ಸಂಖ್ಯೆಯನ್ನೂ ಮೂರು ತುಂಡು ಮಾಡಿ ಇಡಲಾಗುತ್ತದೆ. ಶಿವಮೊಗ್ಗದ ಎಂಟು ಸಂಖ್ಯೆಗಳಿಗೆ ಇಪ್ಪತ್ತನಾಲ್ಕು ತುಂಡು. ಮೂರನ್ನು ಕೂಡಿಸಿ ಓದಬೇಕಾದ ತಂತ್ರಾಂಶ ಒಂದೊಂದನ್ನೂ ಬಿಡಿಯಾಗಿ ಓದಿದರೆ ಈ ರೂಪ ಬರುತ್ತದೆ. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಪಟ್ಟಿಯನ್ನು ಸಾಗಿಸುವಾಗ ಇದು ಹೆಚ್ಚು. ದತ್ತಾಂಶ ಸುರಕ್ಷಿತವಾಗಿಯೇ ಇರುತ್ತದೆ. ಕಡತವನ್ನು ತೆರೆಯುವಾಗ ಯುಟಿಎಫ್-8 ಎಂದು ಸೂಚಿಸಿದರೆ ಕನ್ನಡ ಸರಿಯಾಗಿ ಕಾಣುತ್ತದೆ.

ನಿಜವಾಗಿ ಹೆದರಬೇಕಾದದ್ದು ಪ್ರಶ್ನಾರ್ಥಕ ಚಿಹ್ನೆಗಳಿಗೆ. ಶಿವಮೊಗ್ಗದ ಜಾಗದಲ್ಲಿ ಎಂಟು ಪ್ರಶ್ನಾರ್ಥಕ ಚಿಹ್ನೆಗಳು ಸಾಲಾಗಿ ಕಂಡರೆ, ಕನ್ನಡವನ್ನು ಹಿಡಿಯಲಾಗದ ಯಾವುದೋ ಪಾತ್ರೆಯ ಮೂಲಕ ಹೆಸರು ಹಾದುಹೋಗಿದೆ ಎಂದರ್ಥ. ಅದು ಪರದೆಗೆ ಬರುವ ಹಾದಿಯಲ್ಲಿ ಮಾತ್ರ ಆಗಿದ್ದರೆ ಚಿಂತೆಯಿಲ್ಲ. ಉಳಿಸುವ ಹಾದಿಯಲ್ಲಿ ಆಗಿದ್ದರೆ ಕಡತದಲ್ಲಿ ಈಗ ಪ್ರಶ್ನಾರ್ಥಕ ಚಿಹ್ನೆಯ 63 ಎಂಬ ಸಂಖ್ಯೆಯೇ ಕುಳಿತಿದೆ, ಮೂಲ ಅಕ್ಷರ ಹೋಗಿದೆ, ಯಾವ ಫಾಂಟೂ ಅದನ್ನು ಮರಳಿ ತರಲಾರದು. ಎರಡರಲ್ಲಿ ಯಾವುದೆಂದು ತಿಳಿಯಲು ಒಂದು ಪರೀಕ್ಷಾ ಖಾತೆಯನ್ನು ತೆರೆದು ಕನ್ನಡದಲ್ಲಿ ಹೆಸರು ಬರೆದು ಉಳಿಸಿ, ತಂತ್ರಾಂಶವನ್ನು ಮುಚ್ಚಿ ಮತ್ತೆ ತೆರೆಯಬೇಕು. ಬರೆಯುವಾಗ ಸರಿಯಾಗಿದ್ದ ಹೆಸರು ಮರಳಿ ತೆರೆದಾಗ ಪ್ರಶ್ನಾರ್ಥಕವಾಗಿದ್ದರೆ, ಉಳಿಸುವ ದಾರಿಯಲ್ಲೇ ತೊಂದರೆ ಇರುವ ಸಂಭವ ಹೆಚ್ಚು. ಅದು ಇತ್ಯರ್ಥವಾಗುವ ತನಕ ಒಂದು ಬಿಲ್ಲನ್ನೂ ಉಳಿಸಬಾರದು, ಹಳೆಯ ಖಾತೆಯನ್ನು ತೆರೆದು ತಿದ್ದಲೂಬಾರದು. ಆ ದಿನದ ಲೆಕ್ಕವನ್ನು ಕಾಗದದ ಮೇಲೆ ಬರೆದಿಟ್ಟುಕೊಂಡರೂ ನಷ್ಟವಿಲ್ಲ.

ಅಕ್ಷರ ಮಸುಕಾದಾಗ, ಗುಂಡಿ ಕಾಣದಾದಾಗ

ಪರದೆ ಎಂಬುದು ಚುಕ್ಕಿಗಳ ರಂಗೋಲಿ. ಸಾಮಾನ್ಯವಾದ ಹಳೆಯ ಲ್ಯಾಪ್‌ಟಾಪ್ ಪರದೆಯಲ್ಲಿ ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕಿಗಳಿರುತ್ತವೆ. ಹೊಸ ಪರದೆಗಳಲ್ಲಿ 1920 ಮತ್ತು 1080 ಸಾಮಾನ್ಯ. ಅಂಗಳ ಅಷ್ಟೇ ಇದ್ದು ಚುಕ್ಕಿಗಳು ಹೆಚ್ಚಾದರೆ ಎಳೆ ನವಿರಾಗುತ್ತದೆ, ಆದರೆ ಅಷ್ಟೇ ಚುಕ್ಕಿಗಳಲ್ಲಿ ಬಿಡಿಸಿದ ಅಕ್ಷರ ಪುಟ್ಟದಾಗುತ್ತದೆ. ಇದನ್ನು ಸರಿದೂಗಿಸಲು ವಿಂಡೋಸ್‌ನಲ್ಲಿ ಸ್ಕೇಲ್ ಎಂಬ ಏರ್ಪಾಡಿದೆ. 100 ಪ್ರತಿಶತ ಎಂದರೆ ಇದ್ದ ಅಳತೆ, 125 ಎಂದರೆ ಕಾಲುಪಾಲು ಹಿಗ್ಗಿಸಿದ್ದು.

ಅಪ್‌ಡೇಟ್ ಅಥವಾ ಹೊಸ ಡ್ರೈವರ್ ಬಂದಾಗ ಈ ಅಳತೆ ಬದಲಾಗುವುದುಂಟು. 1366 ಮತ್ತು 768ರ ಪರದೆಯನ್ನು 125 ಪ್ರತಿಶತಕ್ಕೆ ಹಿಗ್ಗಿಸಿದರೆ ತಂತ್ರಾಂಶಕ್ಕೆ ಉಳಿಯುವ ಜಾಗ ಸುಮಾರು 1093 ಮತ್ತು 614 ಚುಕ್ಕಿಗಳಷ್ಟು ಮಾತ್ರ. 768 ಚುಕ್ಕಿಗಳ ಎತ್ತರವನ್ನು ನಂಬಿ ರೂಪಿಸಿದ ಬಿಲ್ಲಿನ ಕೆಳಸಾಲು, ಅದರೊಂದಿಗೆ ಉಳಿಸುವ ಗುಂಡಿ, ಪರದೆಯ ಅಂಚಿನಿಂದ ಕೆಳಗೆ ಜಾರುವುದು ಇದರಿಂದಲೇ. ಡೆಸ್ಕ್‌ಟಾಪ್ ಮೇಲೆ ಬಲಗುಂಡಿ ಒತ್ತಿ ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದು ಸ್ಕೇಲ್ ಅನ್ನು 100ಕ್ಕೆ ಇಳಿಸಿದರೆ ಗುಂಡಿ ಮೇಲೆ ಬರುತ್ತದೆ. ಹಾಗೆ ಮಾಡಿದಾಗ ವಯಸ್ಸಾದ ಗುಮಾಸ್ತರಿಗೆ ಅಕ್ಷರ ತೀರಾ ಚಿಕ್ಕದಾಗಿ ಕಾಣುವ ಕಷ್ಟವಿದೆ, ಅದು ಸಣ್ಣ ಕಷ್ಟವಲ್ಲ. ತಂತ್ರಾಂಶದ ಒಳಗೇ ಅಕ್ಷರದ ಗಾತ್ರ ಹೆಚ್ಚಿಸುವ ಅವಕಾಶವಿದ್ದರೆ ಅದನ್ನು ಬಳಸುವುದು ಉತ್ತಮ. ಇಲ್ಲದಿದ್ದರೆ ಸ್ವಲ್ಪ ದೊಡ್ಡ ಪರದೆಯನ್ನು ಜೋಡಿಸುವುದೇ ಶಾಶ್ವತ ಪರಿಹಾರ ಎಂಬುದು ನನ್ನ ಅನಿಸಿಕೆ.

ಮಸುಕಿಗೂ ಇದೇ ಮೂಲ. ಹಳೆಯ ತಂತ್ರಾಂಶಕ್ಕೆ ಸ್ಕೇಲ್ ಎಂಬುದು ತಿಳಿಯದು. ಅದು 100ರ ಅಳತೆಯಲ್ಲೇ ಚಿತ್ರ ಬಿಡಿಸಿಕೊಡುತ್ತದೆ, ವಿಂಡೋಸ್ ಆ ಚಿತ್ರವನ್ನು ಎಳೆದು ದೊಡ್ಡದು ಮಾಡುತ್ತದೆ. ಮೊಬೈಲಿನ ಸಣ್ಣ ಭಾವಚಿತ್ರವನ್ನು ಜಾತ್ರೆಯ ಫ್ಲೆಕ್ಸಿಗೆ ಹಿಗ್ಗಿಸಿದರೆ ಮುಖ ಕಲಸಿಹೋಗುವ ಹಾಗೆಯೇ ಇದು. ತಂತ್ರಾಂಶದ ಚಿಹ್ನೆಯ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ತೆರೆದರೆ ಕಂಪ್ಯಾಟಿಬಿಲಿಟಿ ಎಂಬ ಪುಟವಿದೆ. ಅಲ್ಲಿ ಹೈ ಡಿಪಿಐ ಸೆಟ್ಟಿಂಗ್ಸ್ ಎಂಬುದರೊಳಗೆ ಈ ಹಿಗ್ಗಿಸುವ ಕೆಲಸವನ್ನು ಯಾರು ಮಾಡಬೇಕೆಂದು ಆರಿಸಬಹುದು. ಮೂರು ಆಯ್ಕೆಗಳನ್ನೂ ಒಂದೊಂದಾಗಿ ಪ್ರಯತ್ನಿಸಿ, ಪ್ರತಿ ಬಾರಿ ತಂತ್ರಾಂಶವನ್ನು ಮುಚ್ಚಿ ತೆರೆದು ನೋಡಬೇಕು. ಇದರಿಂದ ದತ್ತಾಂಶಕ್ಕೆ ಯಾವ ಅಪಾಯವೂ ಇಲ್ಲ.

ಅಪ್‌ಡೇಟ್ ನಂತರ ಪರದೆ ಕಪ್ಪಾಗಿ ಬರವಣಿಗೆಯೇ ಮಾಯವಾಗಿದ್ದರೆ, ಡಾರ್ಕ್ ಮೋಡ್ ಆನ್ ಆಗಿದೆಯೇ ನೋಡಬೇಕು. ಹಿನ್ನೆಲೆಯನ್ನು ವಿಂಡೋಸ್‌ನಿಂದ ಪಡೆದು ಅಕ್ಷರಕ್ಕೆ ಮಾತ್ರ ತನ್ನದೇ ಕಪ್ಪು ಬಣ್ಣ ಹಚ್ಚುವ ತಂತ್ರಾಂಶಗಳಲ್ಲಿ ಕಪ್ಪಿನ ಮೇಲೆ ಕಪ್ಪು ಬೀಳುತ್ತದೆ. ಡಾಸ್ ಕಾಲದ ಹಳೆಯ ಪ್ರೋಗ್ರಾಂಗಳನ್ನು ಇನ್ನೂ ಬಳಸುತ್ತಿರುವವರು ತಿಳಿಯಬೇಕಾದ ಮಾತೇ ಬೇರೆ: ವಿಂಡೋಸ್ 11 ಇರುವುದು 64 ಬಿಟ್ ರೂಪದಲ್ಲಿ ಮಾತ್ರ, ಅದರಲ್ಲಿ ಅವು ನೇರವಾಗಿ ತೆರೆಯುವುದೇ ಇಲ್ಲ. ಅದು ನೋಟದ ದೋಷವಲ್ಲ, ಸೆಟ್ಟಿಂಗ್ಸ್ ಬದಲಿಸಿ ಫಲವೂ ಇಲ್ಲ.

ತಾರೀಖು ತಿರುಗಿ ನಿಂತಾಗ

ನೋಟದ ದೋಷವೊಂದು ಸದ್ದಿಲ್ಲದೆ ಲೆಕ್ಕದ ದೋಷವಾಗುವ ಸಂದರ್ಭ ಇದು. ತಾರೀಖನ್ನು ನಾವು ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿ ಬರೆಯುತ್ತೇವೆ. ಅಮೆರಿಕದಲ್ಲಿ ತಿಂಗಳು ಮೊದಲು. ಹೊಸದಾಗಿ ವಿಂಡೋಸ್ ಹಾಕಿದಾಗ ಪ್ರಾದೇಶಿಕ ಆಯ್ಕೆ ಅಮೆರಿಕದ್ದಾಗಿಯೇ ಉಳಿದರೆ, ಸೆಟ್ಟಿಂಗ್ಸ್ ನೋಡಿ ತಾರೀಖು ತೋರಿಸುವ ತಂತ್ರಾಂಶಗಳಲ್ಲಿ ಡಿಸೆಂಬರ್ 5ರ ಬಿಲ್ 12-05 ಎಂದು ಕಾಣುತ್ತದೆ. ಹಳೆಯ ಬಿಲ್ಲುಗಳ ಒಳಗಿನ ತಾರೀಖು ಬದಲಾಗಿಲ್ಲ, ತೋರಿಸುವ ಕ್ರಮ ಬದಲಾಗಿದೆ. ಆದರೆ ಇದನ್ನು ಗಮನಿಸದ ಗುಮಾಸ್ತರು ಅಭ್ಯಾಸಬಲದಿಂದ 05-12 ಎಂದು ಹೊಸ ಬಿಲ್ ಬರೆದರೆ, ತಂತ್ರಾಂಶ ಅದನ್ನು ಮೇ ತಿಂಗಳ 12 ಎಂದು ಉಳಿಸಿಕೊಳ್ಳುತ್ತದೆ. 13ನೇ ತಾರೀಖಿನಿಂದ ಮುಂದೆ ಇದೇ ತಪ್ಪು ತಾನಾಗಿ ಬಯಲಾಗುತ್ತದೆ, ಏಕೆಂದರೆ 13ನೆಯ ತಿಂಗಳು ಇಲ್ಲ. ಮೊದಲ ಹನ್ನೆರಡು ದಿನಗಳ ಬಿಲ್ಲುಗಳು ಮಾತ್ರ ತಪ್ಪು ತಿಂಗಳಿಗೆ ಸೇರಿ, ಜಿಎಸ್‌ಟಿ ವಿವರ ಸಲ್ಲಿಸುವಾಗ ತಲೆನೋವಾಗುತ್ತವೆ. ಅಪ್‌ಡೇಟ್ ಆದ ದಿನ ಮೊದಲ ಬಿಲ್ ಬರೆಯುವ ಮುನ್ನ ಹಳೆಯ ಯಾವುದಾದರೊಂದು ಬಿಲ್ಲನ್ನು ಕಾಗದದ ಪ್ರತಿಯೊಂದಿಗೆ ಹೋಲಿಸಿ ನೋಡುವುದು ಒಂದು ನಿಮಿಷದ ಕೆಲಸ.

1,25,000 ಎಂದು ಇರಬೇಕಾದದ್ದು 125,000 ಎಂದು ಕಂಡರೂ ಇದೇ ಕಾರಣ. ಟೈಮ್ ಅಂಡ್ ಲ್ಯಾಂಗ್ವೇಜ್ ಎಂಬಲ್ಲಿ ಪ್ರಾದೇಶಿಕ ನಮೂನೆಯನ್ನು ಇಂಗ್ಲಿಷ್ ಇಂಡಿಯಾ ಅಥವಾ ಕನ್ನಡ ಎಂದು ಆರಿಸಿದರೆ ಲಕ್ಷದ ಅಲ್ಪವಿರಾಮ ತನ್ನ ಜಾಗಕ್ಕೆ ಬರುತ್ತದೆ.

ಲೆಕ್ಕವನ್ನು ಎಕ್ಸೆಲ್‌ಗೆ ಸಾಗಿಸುವವರಿಗೆ ಇನ್ನೆರಡು ಮಾತು. ಕಂಬ, ಅಂದರೆ ಕಾಲಂ, ಕಿರಿದಾದಾಗ ಮೊತ್ತದ ಬದಲು ಜಾಲರಿಯಂತಹ ಗುರುತುಗಳು ಸಾಲಾಗಿ ಕಾಣುವುದು ಕೇವಲ ನೋಟ, ಕಂಬವನ್ನು ಅಗಲ ಮಾಡಿದರೆ ಮೊತ್ತ ಕಾಣುತ್ತದೆ. ಆದರೆ ಸರಕಿನ ಬಗೆಯನ್ನು ಗುರುತಿಸುವ ಎಚ್‌ಎಸ್‌ಎನ್ ಸಂಕೇತ, ಅಡಿಕೆಗೆ 0802 ಎಂದಿರುವುದು, 802 ಎಂದಾಗುವುದು, 16 ಅಂಕಿಗಳ ಬ್ಯಾಂಕ್ ಖಾತೆ ಸಂಖ್ಯೆಯ ಕೊನೆಯ ಅಂಕಿ ಸೊನ್ನೆಯಾಗುವುದು ನೋಟದ ದೋಷಗಳಲ್ಲ. ಎಕ್ಸೆಲ್ ಸಂಖ್ಯೆಯೊಂದರಲ್ಲಿ 15 ಅಂಕಿಗಳನ್ನು ಮಾತ್ರ ನೆನಪಿಡುತ್ತದೆ, ಹದಿನಾರನೆಯದು ನಿಜವಾಗಿಯೇ ಅಳಿದುಹೋಗಿರುತ್ತದೆ. ಇಂತಹ ಕಂಬಗಳನ್ನು ತುಂಬುವ ಮೊದಲೇ ಪಠ್ಯ ಎಂದು, ಅಂದರೆ ಟೆಕ್ಸ್ಟ್ ಎಂದು, ಗುರುತಿಸಬೇಕು. ಬೆಳೆಗಾರರ ಹಣ ಬೇರೆಯವರ ಖಾತೆಗೆ ಹೋಗುವ ಅಥವಾ ತಿರಸ್ಕೃತವಾಗುವ ಸಾಧ್ಯತೆ ಇರುವುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ.

ಪರದೆಯಲ್ಲಿ ಸರಿ, ಕಾಗದದಲ್ಲಿ ತಪ್ಪು

ಪ್ರಿಂಟರ್ ಡ್ರೈವರ್ ಬದಲಾದಾಗ ಅದು ಕಾಗದದ ಅಳತೆಯ ಮೊದಲಿನ ಆಯ್ಕೆಯನ್ನು ಮರೆತುಬಿಡಬಹುದು. ಎ4 ಕಾಗದದ ಉದ್ದ 297 ಮಿಲಿಮೀಟರ್, ಅಮೆರಿಕದ ಲೆಟರ್ ಕಾಗದದ್ದು 279. ಡ್ರೈವರ್ ಲೆಟರ್ ಎಂದುಕೊಂಡರೆ ಎ4ಗೆಂದು ಜೋಡಿಸಿದ ಬಿಲ್ಲಿನ ಕೊನೆಯ 18 ಮಿಲಿಮೀಟರ್ ಕತ್ತರಿಸಿಹೋಗಬಹುದು ಅಥವಾ ಎರಡನೆಯ ಹಾಳೆಗೆ ಹೋಗಬಹುದು. ಒಟ್ಟು ಮೊತ್ತ ಮತ್ತು ಸಹಿ ಇರುವುದು ಸಾಮಾನ್ಯವಾಗಿ ಅಲ್ಲಿಯೇ. ರೋಲ್ ಕಾಗದದ ಥರ್ಮಲ್ ಪ್ರಿಂಟರುಗಳಲ್ಲಿ 80 ಮಿಲಿಮೀಟರಿನವು ಸಾಮಾನ್ಯವಾಗಿ ಒಂದು ಸಾಲಿಗೆ 576 ಚುಕ್ಕಿ, 58 ಮಿಲಿಮೀಟರಿನವು 384 ಚುಕ್ಕಿ ಮುದ್ರಿಸುತ್ತವೆ. ಸಣ್ಣ ಪ್ರಿಂಟರಿಗೆ ದೊಡ್ಡದರ ಅಳತೆ ಆಯ್ಕೆಯಾದರೆ ಬಲಗಡೆಯ ಮೂರನೇ ಒಂದು ಭಾಗ ಕಾಗದಕ್ಕೆ ಬರುವುದೇ ಇಲ್ಲ.

ಇನ್ನೂ ಅಪಾಯಕಾರಿಯಾದದ್ದು ಮೊತ್ತದ ಕಂಬದ ಎಡತುದಿ ಕತ್ತರಿಸಿಹೋಗುವುದು. 2 ಕ್ವಿಂಟಲ್ 40 ಕಿಲೋ ಅಡಿಕೆಗೆ ಕ್ವಿಂಟಲ್‌ಗೆ 50,000 ರೂಪಾಯಿಯಂತೆ 1,20,000 ಆಗುತ್ತದೆ. ಹೊಸ ಫಾಂಟ್ ಸ್ವಲ್ಪ ಅಗಲವಾಗಿದ್ದು ಮೊದಲ ಅಂಕಿ ಗೆರೆಯಾಚೆ ಹೋದರೆ ಕಾಗದದಲ್ಲಿ 20,000 ಎಂದಷ್ಟೇ ಉಳಿಯುತ್ತದೆ. ನೋಡಿದವರಿಗೆ ಏನೋ ಕತ್ತರಿಸಿದೆ ಎಂಬ ಸುಳಿವೂ ಸಿಗದು. ಮೊತ್ತವನ್ನು ಅಕ್ಷರಗಳಲ್ಲೂ ಮುದ್ರಿಸುವ ಹಳೆಯ ರೂಢಿಯ ಬೆಲೆ ಇಲ್ಲಿ ತಿಳಿಯುತ್ತದೆ.

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇಟ್ಟುಕೊಂಡವರಲ್ಲಿ ಅಪ್‌ಡೇಟ್ ನಂತರ ಅಂಕಿಗಳು ಸರಿಯಾಗಿ ಬಂದು ಕನ್ನಡ ಮಾತ್ರ ಮಾಯವಾಗಿದ್ದರೆ, ಪ್ರಿಂಟರ್ ತನ್ನೊಳಗಿನ ಅಕ್ಷರಗಳಿಂದ ಮುದ್ರಿಸುವ ವಿಧಾನಕ್ಕೆ ಹೋಗಿದೆ ಎಂದು ತಿಳಿಯಬೇಕು. ಅದರ ಒಳಗೆ ಕನ್ನಡವಿಲ್ಲ. ಕನ್ನಡವನ್ನು ಚಿತ್ರವಾಗಿ ಕಳಿಸಿದರೆ ಮಾತ್ರ ಅದು ಮುದ್ರಿಸಬಲ್ಲದು. ಜೆನೆರಿಕ್ ಟೆಕ್ಸ್ಟ್ ಓನ್ಲಿ ಎಂಬ ಡ್ರೈವರ್ ಆಯ್ಕೆಯಾಗಿದ್ದರೆ ಅದನ್ನು ತೆಗೆದು ಆ ಮಾದರಿಯ ಸ್ವಂತ ಡ್ರೈವರನ್ನೇ ಹಾಕಬೇಕು.

ಬ್ರೌಸರಿನಲ್ಲಿ ತೆರೆಯುವ ತಂತ್ರಾಂಶಗಳು

ಇವುಗಳ ಅಪ್‌ಡೇಟ್ ನಡೆಯುವುದು ದೂರದ ಯಂತ್ರದಲ್ಲಿ. ಆದರೆ ವೇಗಕ್ಕಾಗಿ ಬ್ರೌಸರ್ ಪುಟದ ಅಲಂಕಾರದ ಕಡತಗಳನ್ನು ನಮ್ಮ ಯಂತ್ರದಲ್ಲೇ ಕೂಡಿಟ್ಟಿರುತ್ತದೆ. ಹೊಸ ಪುಟ, ಹಳೆಯ ಅಲಂಕಾರ ಎರಡೂ ಸೇರಿದಾಗ, ಹಳೆಯ ಪಂಚಾಂಗ ಹಿಡಿದು ಈ ವರ್ಷದ ಮುಹೂರ್ತ ಹುಡುಕಿದಂತಾಗಿ ಸಾಲುಗಳು ಒಂದರ ಮೇಲೊಂದು ಬೀಳುತ್ತವೆ. ಕಂಟ್ರೋಲ್ ಕೀಲಿಯೊಂದಿಗೆ ಎಫ್5 ಒತ್ತಿದರೆ ಬ್ರೌಸರ್ ಎಲ್ಲವನ್ನೂ ಹೊಸದಾಗಿ ತರಿಸಿಕೊಳ್ಳುತ್ತದೆ. ಕಂಟ್ರೋಲ್ ಜೊತೆ ಸೊನ್ನೆ ಒತ್ತಿದರೆ ಆಕಸ್ಮಿಕವಾಗಿ ಬದಲಾದ ಗಾತ್ರ ಮೊದಲಿನಂತಾಗುತ್ತದೆ.

ಯಾವುದನ್ನು ಮೊದಲು, ಯಾವುದನ್ನು ಕೊನೆಗೆ

ದುರಸ್ತಿಯ ಕ್ರಮ ಹೊರಗಿನಿಂದ ಒಳಗೆ ಇರಬೇಕು. ಮೊದಲು ಮೊಬೈಲಿನಲ್ಲಿ ಪರದೆಯ ಫೋಟೊ ತೆಗೆದಿಟ್ಟುಕೊಳ್ಳಬೇಕು. ನಂತರ ಯಂತ್ರವನ್ನು ರೀಸ್ಟಾರ್ಟ್ ಮಾಡಬೇಕು. ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡುವುದು ಅದಕ್ಕೆ ಸಮನಲ್ಲ. ವಿಂಡೋಸ್ 10 ಮತ್ತು 11ರಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡು ಇದ್ದಾಗ ಶಟ್‌ಡೌನ್ ಮಾಡಿದರೂ ವ್ಯವಸ್ಥೆಯ ಒಂದು ಭಾಗ ಹಾಗೆಯೇ ಉಳಿದು ಮರುದಿನ ಮುಂದುವರಿಯುತ್ತದೆ, ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಹೊಸದಾಗಿ ಆರಂಭಿಸುತ್ತದೆ. ಅನಂತರ ಸ್ಕೇಲ್, ಫಾಂಟ್, ಪ್ರಾದೇಶಿಕ ನಮೂನೆ, ಪ್ರಿಂಟರ್ ಆಯ್ಕೆಗಳನ್ನು ನೋಡಬೇಕು. ಒಂದು ಬಾರಿಗೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಬರೆದಿಟ್ಟುಕೊಂಡರೆ ಹಿಂದಿರುಗುವ ದಾರಿ ತಿಳಿದಿರುತ್ತದೆ.

ಇವುಗಳಿಂದ ಸರಿಯಾಗದಿದ್ದರೆ ಹಳೆಯ ಆವೃತ್ತಿಗೆ ಮರಳುವ ಯೋಚನೆ ಬರುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಡ್ರೈವರನ್ನು ಹಿಂದಿನದಕ್ಕೆ ಮರಳಿಸುವ ಅವಕಾಶವಿದೆ. ವಿಂಡೋಸ್‌ನ ದೊಡ್ಡ ಅಪ್‌ಡೇಟನ್ನು ಸಾಮಾನ್ಯವಾಗಿ 10 ದಿನಗಳ ಒಳಗೆ ಹಿಂದಕ್ಕೆ ಪಡೆಯಬಹುದು. ಇವೆರಡೂ ಲೆಕ್ಕದ ಕಡತವನ್ನು ಮುಟ್ಟುವುದಿಲ್ಲ, ಆದರೂ ಬ್ಯಾಕಪ್ ಇಲ್ಲದೆ ಮಾಡಬಾರದು. ಲೆಕ್ಕದ ತಂತ್ರಾಂಶವನ್ನೇ ಹಿಂದಕ್ಕೆ ಒಯ್ಯುವುದು ಬೇರೆ ಸಂಗತಿ. ಹೊಸ ಆವೃತ್ತಿ ಮೊದಲ ಬಾರಿ ತೆರೆದಾಗ ದತ್ತಾಂಶದ ಕಡತವನ್ನೂ ತನ್ನ ಹೊಸ ಕ್ರಮಕ್ಕೆ ಬದಲಿಸಿಕೊಂಡಿರಬಹುದು. ಹಾಗಾಗಿದ್ದರೆ ಹಳೆಯ ಆವೃತ್ತಿ ಆ ಕಡತವನ್ನು ಓದಲಾರದು. ಅಪ್‌ಡೇಟ್‌ಗೂ ಮೊದಲಿನ ಬ್ಯಾಕಪ್ ಇದ್ದರೆ ಮಾತ್ರ ಹಿಂದಿರುಗುವುದು ಸಾಧ್ಯ, ಆಗಲೂ ಅಪ್‌ಡೇಟ್ ನಂತರ ಬರೆದ ಬಿಲ್ಲುಗಳನ್ನು ಕಾಗದದ ಪ್ರತಿ ನೋಡಿ ಮತ್ತೆ ಬರೆಯಬೇಕಾಗುತ್ತದೆ. ತಂತ್ರಾಂಶವನ್ನು ತೆಗೆದುಹಾಕಿ ಹೊಸದಾಗಿ ಹಾಕಿ ಎಂದು ಯಾರಾದರೂ ಫೋನಿನಲ್ಲಿ ಸಲಹೆ ಕೊಟ್ಟರೆ, ಲೆಕ್ಕದ ಕಡತ ಯಾವ ಫೋಲ್ಡರಿನಲ್ಲಿದೆ, ತೆಗೆದುಹಾಕುವಾಗ ಅದೂ ಅಳಿಯುತ್ತದೆಯೇ ಎಂಬ ಎರಡು ಪ್ರಶ್ನೆಗಳಿಗೆ ಅವರಿಂದ ಸ್ಪಷ್ಟ ಉತ್ತರ ಪಡೆದ ಮೇಲಷ್ಟೇ ಮುಂದುವರಿಯಬೇಕು.

ಬೆಂಬಲ ಸಿಬ್ಬಂದಿಗೆ ಫೋನ್ ಮಾಡುವಾಗ ಪರದೆ ಕೆಟ್ಟಿದೆ ಎಂದಷ್ಟೇ ಹೇಳಿದರೆ ಅವರು ಊಹೆಯಿಂದಲೇ ಶುರುಮಾಡಬೇಕಾಗುತ್ತದೆ. ತಂತ್ರಾಂಶದ ಆವೃತ್ತಿ ಸಂಖ್ಯೆ, ವಿಂಡೋಸ್‌ನ ಆವೃತ್ತಿ, ಯಾವ ದಿನದಿಂದ ಹೀಗಾಗಿದೆ, ಒಂದೇ ಯಂತ್ರದಲ್ಲೋ ಎಲ್ಲ ಯಂತ್ರಗಳಲ್ಲೋ, ಪರದೆಯಲ್ಲೋ ಕಾಗದದಲ್ಲೋ, ಶಿವಮೊಗ್ಗ ಎಂದು ಬರೆದರೆ ಚೌಕ ಕಾಣುತ್ತದೆಯೋ, ಒತ್ತು ಬಿಡಿಸಿಕೊಳ್ಳುತ್ತದೆಯೋ, ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆಯೋ ಎಂಬ ವಿವರಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು, ಬೆಳಿಗ್ಗೆ ತೆಗೆದ ಫೋಟೊವನ್ನೂ ಕಳಿಸಿದರೆ, ಬೆಂಗಳೂರಿನಲ್ಲೋ ಇನ್ನೆಲ್ಲೋ ಕುಳಿತು ಸಾಗರದ ಅಂಗಡಿಯೊಂದರ ಪರದೆಯನ್ನು ಊಹಿಸಬೇಕಾದವರಿಗೆ ಆ ಚೀಟಿಯೇ ಕಣ್ಣಾಗುತ್ತದೆ.